ಗೆಳೆಯನಿಗೊಂದು ಪತ್ರ: ಕಡ್ಡಿಗೆ ಪೋಣಿಸಿದ ಸಲಾಡ್

ಪ್ರಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ 30 ಜನ ಬರುತ್ತಾರೆ, ಈ ಏಪ್ರಿಲ್ ಸೆಕೆಯಲ್ಲಿ ಬಾಣಲೆ ಮುಂದೆ ನಿಲ್ಲೋಕಾಗಲ್ಲ, ಊಟಕ್ಕೆ ಮುಂಚೆ ಕೈಗೆ ಏನು ಕೊಡೋದು ಅಂತ ಕೇಳಿದ್ದೆ ಅಲ್ವಾ? ತರಕಾರಿ ಸಲಾಡನ್ನೇ ಕಡ್ಡಿಗೆ ಪೋಣಿಸಿ ಕೊಡು. ತಟ್ಟೆ ಬೇಡ, ಚಮಚ ಬೇಡ, ಒಲೆ ಬಹುತೇಕ ಬೇಡ. ಬಟ್ಟಲಲ್ಲಿ ಇಟ್ಟರೆ ಯಾರೂ ಮುಟ್ಟದ ಸೌತೆಕಾಯಿ ಕಡ್ಡಿಗೆ ಏರಿದರೆ ಖಾಲಿಯಾಗುತ್ತದೆ, ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ವಿವರವಾಗಿ ಬರೆಯುತ್ತೇನೆ, ಇಲ್ಲೇ ಹಾಕಿದರೆ ಬೇರೆಯವರಿಗೂ ಉಪಯೋಗವಾದೀತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹೋದ ವರ್ಷ ಅಪ್ಪನಿಗೆ 70 ತುಂಬಿದ ದಿನ ಸಂಜೆಗೆ ಅಂತ ಬೆಳಿಗ್ಗೆಯೇ ಕೂತು 60 ಕಡ್ಡಿ ಪೋಣಿಸಿದೆ. ಸೌತೆಕಾಯಿ, ಟೊಮೆಟೊ, ಪನೀರ್, ಬೇಯಿಸಿದ ಬೀಟ್‌ರೂಟ್, ಮೇಲೆ ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ. ಮುಚ್ಚಿ ಫ್ರಿಜ್‌ನಲ್ಲಿಟ್ಟೆ. ಸಂಜೆ ತೆಗೆದರೆ ಟ್ರೇ ತುಂಬ ನೀರು, ಸೌತೆಕಾಯಿ ಮೆತ್ತಗಾಗಿ ಜೋತು ಬಿದ್ದಿತ್ತು, ಪನೀರ್ ಎಲ್ಲ ಕೆಂಪು. ತುಂಬಾ ಬೇಜಾರಾಯಿತು. ಅಮ್ಮ ಬಂದು ನೋಡಿ, "ಕೋಸಂಬರಿಗೆ ಯಾರಾದರೂ ಬೆಳಿಗ್ಗೆನೇ ಉಪ್ಪು ಹಾಕ್ತಾರೇನೋ?" ಅಂದರು.

ಅಷ್ಟೇ ನೋಡು ವಿಷಯ. ರಾಮನವಮಿಗೆ ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ತೆಂಗಿನತುರಿ, ಒಗ್ಗರಣೆ ಎಲ್ಲ ಸಿದ್ಧ ಮಾಡಿಟ್ಟರೂ ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಬೀಳುತ್ತದೆ. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಸೌತೆಕಾಯಿಯಲ್ಲಿ ಇರುವುದೇ ನೀರು. ಗಾಡಿಯವನೂ ಹಾಗೇ ಮಾಡುತ್ತಾನೆ, ಗಮನಿಸಿದ್ದೀಯಾ? ನಾವು ಕೇಳಿದ ಮೇಲೆಯೇ ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುತ್ತಾನೆ. ಅವತ್ತಿನಿಂದ ನಾನು ಕಡ್ಡಿಗೆ ಉಪ್ಪೇ ಹಾಕುವುದಿಲ್ಲ. ಉಪ್ಪೆಲ್ಲ ಅದ್ದಿಕೊಳ್ಳುವ ಮೊಸರಿನಲ್ಲಿ.

ಆ ಮೊಸರು ಹೀಗೆ. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ಫ್ರಿಜ್‌ನೊಳಗೇ ಜರಡಿ ಮೇಲೆ ಇಡು, ನೀರೆಲ್ಲ ಬಸಿಯಲಿ. ಒಂದು ಹಿಡಿ ಪುದೀನ, ಅಷ್ಟೇ ಕೊತ್ತಂಬರಿ, ಎರಡು ಹಸಿಮೆಣಸು, ಚೂರು ಜೀರಿಗೆ, ಉಪ್ಪು, ಇವನ್ನು ನೀರು ಹಾಕದೆ ರುಬ್ಬಿ ಬೆರೆಸು. ಮೇಲೆ ಸಾಸಿವೆ ಇಂಗಿನ ಒಗ್ಗರಣೆ, ಆರಿದ ಮೇಲೆ ಹಾಕು. ಈ ಒಗ್ಗರಣೆ ಬಿಡಬೇಡ, ನಮ್ಮ ಬಾಯಿಗೆ ಅದೇ ರುಚಿ. ಮೊಸರು ಬೇಡ ಅನ್ನುವವರಿಗೆ ಪಕ್ಕದಲ್ಲಿ ಒಂದು ಬಟ್ಟಲು ಉಪ್ಪು ಖಾರ ಇಟ್ಟುಬಿಡು.

ಈಗ ಕಡ್ಡಿಗೆ ಏನೇನು ಅಂದರೆ, ಈ ತಿಂಗಳು ಗಿಣಿಮೂತಿ ಮಾವಿನಕಾಯಿ ಸಿಗುತ್ತಿದೆ, ಅದನ್ನು ಬಿಡುವ ಮಾತೇ ಇಲ್ಲ. ಒಂದೊಂದು ಕಡ್ಡಿಗೂ ಒಂದು ಸಣ್ಣ ಹೋಳು ಬಂದರೆ ನಿಂಬೆರಸವೇ ಬೇಡ. ಕಡ್ಡಿಗೆ ಮೊದಲು ಮಾವಿನಕಾಯಿ, ಆಮೇಲೆ ಪನೀರ್, ಮಡಚಿದ ಒಂದು ಪುದೀನ ಎಲೆ, ಚೆರ್ರಿ ಟೊಮೆಟೊ, ಕೊನೆಗೆ ಬೆರಳು ದಪ್ಪದ ಸೌತೆಕಾಯಿ ಬಿಲ್ಲೆ. ಎಲೆ ನಡುವೆ ಇದ್ದರೆ ಟೊಮೆಟೊ ರಸ ಪನೀರಿಗೆ ಅಷ್ಟಾಗಿ ತಾಗುವುದಿಲ್ಲ. ಕಡ್ಡಿಯ ಚೂಪು ತುದಿ ಸೌತೆಕಾಯಿಯೊಳಗೇ ನಿಲ್ಲಬೇಕು, ಆಚೆ ಬರಬಾರದು. ಬಿಲ್ಲೆ ಅಡಿಯಾಗಿ ಇಟ್ಟರೆ ಕಡ್ಡಿ ತಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಯಾರ ಬಾಯಿಗೂ ಚುಚ್ಚುವುದಿಲ್ಲ. ನಾಲ್ಕು ಇಂಚಿನ ಬಿದಿರು ಕಡ್ಡಿ ಸಾಕು. ಅದನ್ನು ನೀರಲ್ಲಿ ನೆನೆಸಬೇಕಾ ಅಂತ ನೀನು ಕೇಳಬಹುದು, ಬೇಡ. ಕೆಂಡದ ಮೇಲೆ ಇಡುವಾಗ ಸುಡದಿರಲಿ ಅಂತ ನೆನೆಸುವುದು, ನಮಗೆ ಒಣಗಿದ್ದರೇ ಒಳ್ಳೆಯದು.

ಲೆಕ್ಕ ಹೇಳಿಬಿಡುತ್ತೇನೆ. ತಲೆಗೆ ಎರಡೂವರೆ ಅಂದರೂ 75 ಕಡ್ಡಿ. ಒಂದು ಸೌತೆಕಾಯಿಗೆ 12 ಬಿಲ್ಲೆ ಬರುತ್ತದೆ, 7 ತಂದರೆ ಆಯಿತು. ಪನೀರ್ 600 ಗ್ರಾಂ, ಚೆರ್ರಿ ಟೊಮೆಟೊ ಮುಕ್ಕಾಲು ಕೆಜಿ, ಮಾವಿನಕಾಯಿ ಮೂರು. ಸೌತೆಕಾಯಿ ಸಾಂಬಾರಿಗೆ ಹಾಕುವುದಲ್ಲ, ಎಳೆಯದು, ಬೀಜ ಬಲಿಯದ್ದು. ತೊಟ್ಟಿನ ಕಡೆ ಕತ್ತರಿಸಿ ಒಂದು ಚೂರು ಬಾಯಿಗೆ ಹಾಕಿ ನೋಡು. ಕಹಿ ಇದ್ದರೆ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ, 7ರಲ್ಲಿ ಒಂದು ಕಹಿ ಇದ್ದರೂ ಯಾವುದೋ ಮಗುವಿನ ಪಾಲಿಗೆ ಹೋಗುತ್ತದೆ. ತೊಳೆದ ಮೇಲೆ ಪ್ರತಿಯೊಂದನ್ನೂ ಬಟ್ಟೆಯಲ್ಲಿ ಒರೆಸು. ಪನೀರನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕತ್ತರಿಸು, ತಣ್ಣಗಿದ್ದಾಗ ಪುಡಿಯಾಗುವುದಿಲ್ಲ. ಬೀಟ್‌ರೂಟ್ ಹಾಕಲೇಬೇಕು ಅಂದರೆ ಅದಕ್ಕೆ ಬೇರೆ ಕಡ್ಡಿ, ಬೇರೆ ತಟ್ಟೆ.

ಒಂದು ಮಾತು, ಇದನ್ನು ಮರೆಯಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಕಡ್ಡಿ ಕೊಡಬೇಡ. ಚೆರ್ರಿ ಟೊಮೆಟೊ, ದ್ರಾಕ್ಷಿ ಇಂಥವು ಇಡಿಯಾಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅವರ ಪಾಲನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಸಣ್ಣ ಕಪ್ಪಿನಲ್ಲಿ ಕೊಡು. ಓಡಾಡುವ ಮಕ್ಕಳ ಕೈಯಲ್ಲಂತೂ ಕಡ್ಡಿ ಬೇಡವೇ ಬೇಡ, ಕೂತು ತಿನ್ನಲಿ.

ಇಟಲಿಯವರು ಟೊಮೆಟೊ, ಮೊಜರೆಲ್ಲಾ ಚೀಸ್, ಬೇಸಿಲ್ ಎಲೆ ಸೇರಿಸಿ ಕಪ್ರೇಸೆ ಅಂತ ಮಾಡುತ್ತಾರೆ, ಕಾಪ್ರಿ ದ್ವೀಪದ ಹೆಸರು. ಅದನ್ನೂ ಈಗ ಕಡ್ಡಿಗೆ ಪೋಣಿಸಿ ಪಾರ್ಟಿಗಳಲ್ಲಿ ಕೊಡುತ್ತಾರೆ. ಆ ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯೇ. ನಮ್ಮ ಬಾಲ್ಕನಿಯಲ್ಲಿ ಒಂದು ಕುಂಡ ಇದೆ, ಅರ್ಧ ಕಡ್ಡಿಗೆ ಪುದೀನದ ಬದಲು ಅದನ್ನೇ ಹಾಕೋಣ, ಪನೀರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಹೂವಿನ ಅಂಗಡಿಯಲ್ಲಿ ಸಿಗುವ ಕಾಮಕಸ್ತೂರಿ ಮಾತ್ರ ತರಬೇಡ, ಅದನ್ನು ತಿನ್ನಲು ಅಂತ ಬೆಳೆದಿರುವುದಿಲ್ಲ.

ಪೋಣಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯುವ ಹಾಗೆ ನೋಡಿಕೊ. ಎಲ್ಲವನ್ನೂ ಒಮ್ಮೆಗೇ ಹೊರಗಿಡಬೇಡ, ಇಪ್ಪತ್ತಿಪ್ಪತ್ತು ತೆಗೆ. ಅರ್ಧ ಎಲೆಕೋಸನ್ನು ಬೋರಲು ಹಾಕಿ ಖಾಲಿ ಕಡ್ಡಿಗಳನ್ನು ಅದಕ್ಕೇ ಚುಚ್ಚಿಡಿ ಅಂತ ಹೇಳಿದರೆ ನೆಲದ ಮೇಲೆ ಒಂದೂ ಬೀಳುವುದಿಲ್ಲ, ಮಕ್ಕಳಿಗೂ ಅದೊಂದು ಆಟ.

ಭಾನುವಾರ ಮೂರು ಗಂಟೆಗೆ ಬರುತ್ತೇನೆ. ಚಾಕು, ಹಲಗೆ, ಕಾಮಕಸ್ತೂರಿ ನಾನೇ ತರುತ್ತೇನೆ. ಮೊಸರು ಮಾತ್ರ ಹನ್ನೆರಡಕ್ಕೇ ಕಟ್ಟಿಡು. ಪುಟ್ಟಿಗೆ ಟೊಮೆಟೊ ಇಷ್ಟ ಇಲ್ಲ ಅಂತ ನೆನಪಿದೆ, ಅವಳದ್ದಕ್ಕೆ ಎರಡು ಮಾವಿನಕಾಯಿ ಹೋಳು ಹಾಕುತ್ತೇನೆ ಅಂತ ಹೇಳು.

ನಿನ್ನ,
ಹಳೇ ಗೆಳೆಯ