ಸ್ಲೀಪ್‌ನಿಂದ ಏಳದ ಕಂಪ್ಯೂಟರಿಗೆ ಬೋರ್ಡ್ ಬದಲಾಯಿಸೋದೊಂದೇ ಮದ್ದಾ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ತಂತ್ರಜ್ಞಾನ ಪುಟ ತಪ್ಪದೇ ಓದ್ತೀನಿ, ಆದ್ರೆ ಅಲ್ಲಿ ಬರೋದೆಲ್ಲ ಹೊಸ ಮೊಬೈಲು, ಅದರ ಕ್ಯಾಮೆರಾ, ಇಲ್ಲಾಂದ್ರೆ ಎಐ. ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಸೊಸೈಟಿ, ಟ್ಯಾಕ್ಸ್ ನೋಡ್ಕೊಳ್ಳೋರ ಆಫೀಸು, ಇಲ್ಲೆಲ್ಲ ಇವತ್ತಿಗೂ ಅನ್ನ ಹಾಕ್ತಿರೋದು ಮೇಜಿನ ಕೆಳಗೆ ಧೂಳು ಕುಡೀತಾ ಕೂತಿರೋ ಡೆಸ್ಕ್‌ಟಾಪೇ. ಅದರ ರಿಪೇರಿ ವಿಷಯದಲ್ಲಿ ಜನ ಎಷ್ಟು ಸುಲಭವಾಗಿ ದುಡ್ಡು ಕಳ್ಕೊಳ್ತಾರೆ ಅಂತ ಹೇಳೋಕೆ ಈ ಪತ್ರ.

ವಿಷಯ ಇಷ್ಟೇ, ಕಂಪ್ಯೂಟರ್ ಸ್ಲೀಪ್‌ಗೆ ಹೋಗುತ್ತೆ, ಆಮೇಲೆ ಏಳಲ್ಲ. ಮೌಸ್ ಅಲ್ಲಾಡಿಸಿದ್ರೂ ಇಲ್ಲ, ಕೀಬೋರ್ಡ್ ಕುಟ್ಟಿದ್ರೂ ಇಲ್ಲ, ಕೆಲವು ಸಲ ಒಳಗೆ ಫ್ಯಾನ್ ತಿರುಗೋದು ಕೇಳ್ಸುತ್ತೆ ಆದ್ರೆ ಸ್ಕ್ರೀನ್ ಕಪ್ಪು. ಹೊತ್ಕೊಂಡು ಹೋದ್ರೆ ಸುಮಾರು ಅಂಗಡಿಗಳಲ್ಲಿ ಉತ್ತರ ರೆಡಿ ಇರುತ್ತೆ, 'ಬೋರ್ಡ್ ಹೋಗಿದೆ ಸಾರ್' (ಅಂದ್ರೆ ಒಳಗಿನ ಮದರ್‌ಬೋರ್ಡ್), ಇಲ್ಲಾ 'ಫಾರ್ಮ್ಯಾಟ್ ಹೊಡೀಬೇಕು' (ಅಂದ್ರೆ ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು). 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತ ಮೇಲೆ ಇನ್ನೊಂದು ಉತ್ತರನೂ ಸೇರ್ಕೊಂಡಿದೆ, 'ಹಳೇದಾಯ್ತು, ಹೊಸ ಸಿಸ್ಟಮ್ಮೇ ತಗೊಂಡುಬಿಡಿ'. ಸ್ವಲ್ಪ ಯೋಚ್ನೆ ಮಾಡಿ, ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ ಇಡೀ ದಿನ ಚೆನ್ನಾಗಿ ಓಡೋ ಮಷೀನು, ಸ್ಲೀಪ್‌ನಿಂದ ಏಳೋವಾಗ ಮಾತ್ರ ತಕರಾರು ಮಾಡುತ್ತೆ ಅಂದ್ರೆ ಬೋರ್ಡ್ ಸತ್ತಿದೆ ಅನ್ನೋದು ಯಾವ ಲೆಕ್ಕ? ಬೋರ್ಡ್‌ನಲ್ಲಿ ದೋಷ ಇರಬಾರದು ಅಂತೇನಿಲ್ಲ, ಆದ್ರೆ ಅದು ಕೊನೇಗೆ ಅನುಮಾನ ಪಡೋ ಜಾಗ, ಮೊದಲನೇದಲ್ಲ.

ಸ್ಲೀಪ್ ಅಂದ್ರೆ ಆಫ್ ಅಲ್ಲ. 1996ರ ಕೊನೇಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕಂಪನಿಗಳು ಸೇರಿ ಕಂಪ್ಯೂಟರಿನ ಕರೆಂಟ್ ನಿರ್ವಹಣೆಗೆ ಎಸಿಪಿಐ ಅಂತ ಒಂದು ನಿಯಮ ತಂದ್ವು, ಡೆಸ್ಕ್‌ಟಾಪ್‌ನ ಮಾಮೂಲಿ ಸ್ಲೀಪ್ ಅದರಲ್ಲಿ ಎಸ್3 ಅನ್ನೋ ಸ್ಥಿತಿ. ಪ್ರೊಸೆಸರ್, ಹಾರ್ಡ್ ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತೆ, ರ‍್ಯಾಮ್‌ಗೆ ಮಾತ್ರ ಕರೆಂಟ್ ಹೋಗ್ತಾ ಇರುತ್ತೆ, ಯಾಕಂದ್ರೆ ನೀವು ತೆರೆದಿಟ್ಟ ಫೈಲೆಲ್ಲ ಇರೋದು ಅಲ್ಲೇ. ಆ ಕರೆಂಟ್ ಬರೋದು ಒಳಗಿನ ಪವರ್ ಸಪ್ಲೈ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನಿಂದ. ಎದ್ದೇಳೋವಾಗ ಬಯೋಸ್ (ಬೋರ್ಡ್ ಮೇಲೇ ಇರೋ ಮೂಲ ಪ್ರೋಗ್ರಾಂ), ವಿಂಡೋಸ್, ಆಮೇಲೆ ಒಂದೊಂದು ಡಿವೈಸ್‌ನ ಡ್ರೈವರ್ (ಆ ಡಿವೈಸನ್ನ ನಡೆಸೋ ಸಾಫ್ಟ್‌ವೇರ್) ಹೀಗೆ ಎಲ್ಲ ಒಟ್ಟಿಗೆ ಏಳ್ಬೇಕು. ಮನೆಯವರೆಲ್ಲ ಎದ್ದು ಬಸ್ಸಿಗೆ ಹೊರಟಾಗ ಒಬ್ಬ ಹೊದಿಕೆ ಎಳ್ಕೊಂಡು ಮಲಗಿದ್ರೆ ಹೇಗೋ ಹಾಗೆ, ಗ್ರಾಫಿಕ್ಸ್ ಡ್ರೈವರ್ ಒಂದು ಮಲಗಿಬಿಟ್ರೂ ನಮಗೆ ಕಾಣೋದು ಕಪ್ಪು ಸ್ಕ್ರೀನೇ.

ಅದಕ್ಕೇ ಮೊದಲು ಗೊತ್ತಾಗ್ಬೇಕಾದ್ದು, ಮಷೀನೇ ಎದ್ದಿಲ್ವೋ ಅಥವಾ ಎದ್ದಿದೆ ಆದ್ರೆ ತೋರಿಸ್ತಿಲ್ವೋ ಅಂತ. ನಮ್‌ಲಾಕ್ ಇಲ್ಲಾ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ, ಕೀಬೋರ್ಡ್‌ನಲ್ಲಿ ಲೈಟ್ ಹತ್ತಿ ಆರುತ್ತಾ? ಆರಿದ್ರೆ ಒಳಗೆ ಕಂಪ್ಯೂಟರ್ ಎದ್ದು ಕೂತಿದೆ, ತೊಂದರೆ ಇರೋದು ಡಿಸ್‌ಪ್ಲೇ ಕಡೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಕೀ ಹಿಡ್ಕೊಂಡು ಬಿ ಒತ್ತಿ, ವಿಂಡೋಸ್ 10, 11ರಲ್ಲಿ ಇದು ಗ್ರಾಫಿಕ್ಸ್ ಡ್ರೈವರನ್ನ ರೀಸೆಟ್ ಮಾಡುತ್ತೆ, ಸಣ್ಣ ಬೀಪ್ ಕೇಳ್ಸಿ ಚಿತ್ರ ವಾಪಸ್ ಬಂದ್ರೂ ಬರಬಹುದು. ಬರದಿದ್ರೆ ಮಾನಿಟರ್ ಸ್ವಿಚ್ ಆಫ್ ಆನ್ ಮಾಡಿ, ಕೇಬಲ್ ಬಿಚ್ಚಿ ಹಾಕಿ, ಇನ್ನೊಂದು ಪೋರ್ಟ್ ಇದ್ರೆ ಅದಕ್ಕೆ ಚುಚ್ಚಿ ನೋಡಿ. ಇಷ್ಟಕ್ಕೆ ಸರಿ ಹೋದ್ರೆ ಬೋರ್ಡ್ ಮಾತೇ ಇಲ್ಲ, ಡ್ರೈವರ್ ನೋಡ್ಬೇಕು ಅಷ್ಟೆ. ಅಪ್ಡೇಟ್ ಆದ ಮೇಲೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ಗೆ ಹೋಗಿ ರೋಲ್ ಬ್ಯಾಕ್ ಡ್ರೈವರ್ ಕೊಡಿ, ಇಲ್ಲಾ ಕಂಪನಿ ಸೈಟಿಂದಲೇ ನಿಮ್ಮ ಮಾಡೆಲ್‌ಗೆ ತಕ್ಕ ಡ್ರೈವರ್ ಹಾಕಿ.

ಲೈಟೇ ಹತ್ತಲ್ಲ ಅಂದ್ರೆ ಪವರ್ ಬಟನ್ ಒಂದ್ಸಲ ಮೆತ್ತಗೆ ಒತ್ತಿ ಬಿಡಿ. ಒತ್ತಿ ಹಿಡೀಬೇಡಿ, ಸುಮಾರು 4 ಸೆಕೆಂಡ್ ಹಿಡಿದ್ರೆ ಮಷೀನ್ ಪೂರ್ತಿ ಆಫ್ ಆಗಿ ಸೇವ್ ಮಾಡದೆ ಇದ್ದಿದ್ದೆಲ್ಲ ಹೋಯ್ತು. ಬಟನ್‌ಗೆ ಎದ್ದು ಕೀಬೋರ್ಡ್‌ಗೆ ಏಳದಿದ್ರೆ ಅದೊಂದು ಕಾಯಿಲೆನೇ ಅಲ್ಲ, ಸೆಟ್ಟಿಂಗ್. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್‌ನ ಪ್ರಾಪರ್ಟೀಸ್ ತೆಗೆದು ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ 'ಅಲೌ ದಿಸ್ ಡಿವೈಸ್ ಟು ವೇಕ್ ದಿ ಕಂಪ್ಯೂಟರ್' ಅನ್ನೋದಕ್ಕೆ ಟಿಕ್ ಹಾಕಿ. ಬಯೋಸ್‌ನಲ್ಲೂ ಯುಎಸ್‌ಬಿಯಿಂದ ಎಬ್ಬಿಸೋ ಆಯ್ಕೆ ಇರುತ್ತೆ. ಇಆರ್‌ಪಿ ಅಂತ ಇನ್ನೊಂದು ಇರುತ್ತೆ, ಯುರೋಪಿನ ಕರೆಂಟ್ ಉಳಿತಾಯದ ನಿಯಮಕ್ಕೆ ಮಾಡಿದ್ದು, ಅದನ್ನ ಆನ್ ಮಾಡಿದ್ರೆ ಕೆಲವು ಬೋರ್ಡ್‌ಗಳಲ್ಲಿ ಮಷೀನ್ ಆಫ್ ಆದಾಗ, ಹೈಬರ್ನೇಟ್ ಆದಾಗ (ತೆರೆದಿದ್ದೆಲ್ಲ ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗೋದು) ಯುಎಸ್‌ಬಿಗೆ ಕರೆಂಟೇ ಹೋಗಲ್ಲ, ಆಗ ಕೀಬೋರ್ಡ್ ಎಷ್ಟು ಕುಟ್ಟಿದ್ರೂ ಏನುಪಯೋಗ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ರಾತ್ರಿ ಅಂಗಡಿ ಬಾಗಿಲು ಹಾಕೋವಾಗ ಮೇನ್ ಸ್ವಿಚ್ಚೇ ಆಫ್ ಮಾಡ್ತೀವಿ, ಸಿಡಿಲು ಗುಡುಗಿನ ಊರಲ್ಲಿ ಅದು ಒಳ್ಳೇದೇ, ಆದ್ರೆ ಕಂಪ್ಯೂಟರ್ ಸ್ಲೀಪ್‌ನಲ್ಲಿ ಇದ್ದಾಗ ಹಾಗೆ ಮಾಡಿದ್ರೆ ರ‍್ಯಾಮ್‌ಗೆ ಹೋಗ್ತಿದ್ದ ಕರೆಂಟೂ ಕಟ್, ಯುಪಿಎಸ್ ಬ್ಯಾಟರಿ ಒಂದು ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ ಅಷ್ಟೇ, ಬೆಳಗ್ಗೆ ಬಂದು ನೋಡಿದ್ರೆ 'ಏಳ್ತಾ ಇಲ್ಲ', ಅರ್ಧ ಟೈಪ್ ಮಾಡಿದ್ದ ಮದುವೆ ಕಾಗದನೂ ಇಲ್ಲ. ಪವರ್ ಆಪ್ಷನ್ಸ್‌ನಲ್ಲಿ ಹೈಬ್ರಿಡ್ ಸ್ಲೀಪ್ ಅಂತ ಇದ್ರೆ ಆನ್ ಮಾಡಿಡಿ, ಅದು ಡಿಸ್ಕ್ ಮೇಲೂ ಒಂದು ಪ್ರತಿ ಬರೆದಿಡುತ್ತೆ. ರಾತ್ರಿಗೆ ಹೈಬರ್ನೇಟೋ ಶಟ್‌ಡೌನೋ ಮಾಡಿದ್ರೆ ಇನ್ನೂ ಕ್ಷೇಮ.

ಶಟ್‌ಡೌನ್ ಅಂದಾಗ ನೆನಪಾಯ್ತು, ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದಿದೆ. ಅದು ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್‌ನ ಒಳಭಾಗವನ್ನ ಡಿಸ್ಕ್‌ಗೆ ಬರೆದಿಟ್ಟು ಮಾರನೇ ದಿನ ಅದನ್ನೇ ಎಬ್ಬಿಸುತ್ತೆ, ಡ್ರೈವರ್‌ನ ಗೊಂದಲ ಹಾಗೇ ಉಳ್ಕೊಳ್ಳುತ್ತೆ. ಹಾಗಾಗಿ 'ಆಫ್ ಮಾಡಿ ಆನ್ ಮಾಡಿದೆ ಸರಿ ಹೋಗ್ಲಿಲ್ಲ' ಅನ್ನೋರು ರೀಸ್ಟಾರ್ಟ್ ಕೊಟ್ಟು ನೋಡ್ಬೇಕು, ಹೊಸದಾಗಿ ಶುರುವಾಗೋದು ಅದರಲ್ಲೇ.

ಹಾರ್ಡ್‌ವೇರ್‌ಗೆ ಬಂದ್ರೆ, ಮಲೆನಾಡಿನ ತೇವಕ್ಕೆ ರ‍್ಯಾಮ್‌ನ ಹಲ್ಲುಗಳು ಮಂಕಾಗ್ತವೆ, ವೈರ್ ಕಿತ್ತಿಟ್ಟು ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ ಹಾಕೋದು ಎಲ್ಲ ಟೆಕ್ನಿಷಿಯನ್‌ಗಳಿಗೂ ಗೊತ್ತಿರೋ ಕೆಲಸ. ಹಳೇ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಸೊರಗಿ ಆ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನು ದುರ್ಬಲ ಆಗಿರಬಹುದು, ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷೆ ಮಾಡೋಕೆ ಎಷ್ಟು ಹೊತ್ತು ಬೇಕು ಹೇಳಿ. ಇದ್ಯಾವುದೂ ಮಾಡದೆ ಬೋರ್ಡ್ ಅನ್ನೋದು ಸರಿಯಲ್ಲ. ಕೆಲವರು ಈವೆಂಟ್ ವ್ಯೂವರ್, ಅಂದ್ರೆ ಆಗಿದ್ದೆಲ್ಲ ವಿಂಡೋಸ್ ಬರೆದಿಡೋ ಪಟ್ಟಿ, ತೆಗೆದು ಕೆಂಪು ಗುರುತಿನ 'ಕರ್ನಲ್ ಪವರ್ 41' ತೋರಿಸಿ ಹೆದರಿಸ್ತಾರೆ. 41 ಅಂದ್ರೆ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಯ್ತು ಅಂತ ಅಷ್ಟೆ, ಕರೆಂಟ್ ಹೋದ್ರೂ ಬರುತ್ತೆ, ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ರೂ ಬರುತ್ತೆ.

ಏನೂ ಮಾಡಕ್ಕಾಗ್ತಿಲ್ಲ ಅನ್ನೋರು ಸದ್ಯಕ್ಕೆ ಸ್ಲೀಪನ್ನ ನೆವರ್ ಮಾಡಿ ಸ್ಕ್ರೀನ್ ಮಾತ್ರ ಆಫ್ ಆಗೋ ಹಾಗೆ ಇಟ್ಕೊಳ್ಳಿ, ಆದ್ರೆ ರಾತ್ರಿ ಮರೀದೆ ಶಟ್‌ಡೌನ್ ಮಾಡಿ. 50 ವ್ಯಾಟ್ ತಿನ್ನೋ ಮಷೀನು 14 ಗಂಟೆ ಸುಮ್ನೆ ಉರಿದ್ರೆ ದಿನಕ್ಕೆ 0.7 ಯೂನಿಟ್, ತಿಂಗಳಿಗೆ 21 ಯೂನಿಟ್, ಅಂಗಡಿ ಮೀಟರ್‌ಗೆ ಗೃಹಜ್ಯೋತಿನೂ ಇಲ್ಲ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಫಾರ್ಮ್ಯಾಟ್ ವಿಷಯಕ್ಕೆ. ಡೆಸ್ಕ್‌ಟಾಪ್ ಮೇಲೆ, ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟಿದ್ದೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರೋದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್‌ನ ಡೇಟಾ ಕೂಡ ಜಾಗ ಬದಲಾಯಿಸದಿದ್ರೆ ಅಲ್ಲೇ ಕೂತಿರುತ್ತೆ. ನಮ್ಮ ಪರಿಚಯದವರೊಬ್ಬರ ಮಷೀನನ್ನ ಒಂದು ಸರ್ವಿಸ್ ಅಂಗಡಿಯವರು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿ ಕೊಟ್ರು, ವರ್ಷದ ಲೆಕ್ಕ ಹೋಯ್ತು, ಸ್ಲೀಪ್ ತೊಂದರೆ ಮಾತ್ರ ಹಾಗೇ ಇತ್ತು. ಮಾನಿಟರ್ ಕೇಬಲ್ ಬದಲಾಯಿಸಿದ ಮೇಲೆ ಹೋಯ್ತು.

ಎಲ್ಲ ಟೆಕ್ನಿಷಿಯನ್ನರೂ ಹಾಗೇ ಅಂತ ಹೇಳಲ್ಲ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ್ರೂ ನಮ್‌ಲಾಕ್ ಒತ್ತಿ ನೋಡಣ್ಣ ಅಂತ ದುಡ್ಡು ತಗೊಳ್ದೆ ಹೇಳೋ ಹುಡುಗ್ರೂ ಇದ್ದಾರೆ. ನಾವು ಗಿರಾಕಿಗಳು ಕೇಳ್ಬೇಕಾದ್ದು ಇಷ್ಟು: ಏನು ಪರೀಕ್ಷೆ ಮಾಡಿದ್ರಿ, ಯಾವ ಪಾರ್ಟ್ ಹೋಗಿದೆ ಅಂತ ಬಿಲ್ ಮೇಲೆ ಬರೀರಿ, ತೆಗೆದ ಹಳೇ ಪಾರ್ಟ್ ವಾಪಸ್ ಕೊಡಿ, ನಾನು ಬರೆದುಕೊಡದೆ ಫಾರ್ಮ್ಯಾಟ್ ಮಾಡಬೇಡಿ. ಜಗಳಕ್ಕೆ ಬಂದ್ರೆ ಗ್ರಾಹಕರ ಸಹಾಯವಾಣಿ 1915 ಇದೆ. ಸಂಪಾದಕರು ದೊಡ್ಡ ಮನಸ್ಸು ಮಾಡಿ ವಾರಕ್ಕೆ ಒಂದ್ಸಲ ಆದ್ರೂ ಡೆಸ್ಕ್‌ಟಾಪ್ ರಿಪೇರಿಗೆ ಅರ್ಧ ಕಾಲಂ ಜಾಗ ಕೊಡಿ, ಪ್ರಿಂಟರ್ ಬಗ್ಗೆ ಬರೆಯೋಕಂತೂ ಇನ್ನೂ ಬೇಕಾದಷ್ಟಿದೆ.

ಇಂತಿ,
ಡಿಟಿಪಿ ಅಂಗಡಿಯವ, ತೀರ್ಥಹಳ್ಳಿ