ಹಳೆಯ ಮಸ್ಟಾಂಗ್ ಕೊಳ್ಳಲು ಹೊರಟವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರು ಹಳೆಯದನ್ನು ಕೊಳ್ಳುವುದೋ ಹೊಸದನ್ನೋ ಎಂದು ಈ ವಾರ ಹಲವರು ಕೇಳಿದ್ದೀರಿ. 1966ರ ಕಾರು ಹನ್ನೊಂದು ವರ್ಷಗಳಿಂದ ನನ್ನ ಬಳಿ ಇದೆ. ನನ್ನ ಮಾತು ಇಷ್ಟೇ: ಮೊದಲು ಬ್ರೇಕ್ ನೋಡಿ, ಬಣ್ಣ ಆಮೇಲೆ.

1966ರವರೆಗಿನ ಮಸ್ಟಾಂಗ್‌ನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ, ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದೇ ಕೋಣೆ. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕ್ ಕೈಕೊಡುತ್ತವೆ. 1967ರಿಂದ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಕೋಣೆ ಮಾಡಿದರು. ನನ್ನ ಕಾರಿನಲ್ಲೂ ಹಾಗೆಯೇ ಬದಲಾಯಿಸಿಕೊಂಡಿದ್ದೇನೆ. ಮೂಲರೂಪ ಕೆಡುತ್ತದೆಂದು ದಯವಿಟ್ಟು ಹಿಂಜರಿಯಬೇಡಿ, ಮಕ್ಕಳನ್ನು ಕೂರಿಸುವ ಕಾರು ಅದು.

ಇಲ್ಲಿ ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಹಾಕುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ತುಕ್ಕು ಹಿಡಿಯುವ ಇನ್ನೊಂದು ಜಾಗ ಮುಂಗಾಜಿನ ಕೆಳಗಿನ ಗಾಳಿಕಿಂಡಿ, ಅದಕ್ಕೆ ಒಂದು ಚೊಂಬು ನೀರು ಸುರಿಯಿರಿ. ಒಳಗೆ ಕಾಲಿಡುವ ಜಾಗ ಒದ್ದೆಯಾದರೆ ಬೆಲೆ ಮಾತಾಡದೆ ಎದ್ದು ಬನ್ನಿ. ಆ ತುಕ್ಕು ತೆಗೆಯಲು ಮುಂಭಾಗವನ್ನೇ ಬಿಚ್ಚಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳಿಗೂ ಒಳ್ಳೆಯದಲ್ಲ.

ಶಕ್ತಿಯಲ್ಲಿ ಹೋಲಿಕೆಯೇ ಇಲ್ಲ. 1966ರ 4.7 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, ಗಾಳಿಯೊಂದಿಗೆ ಪೆಟ್ರೋಲ್ ಬೆರೆಸುವ ನಾಲ್ಕು ಬ್ಯಾರೆಲ್ (ನಾಲ್ಕು ಗಾಳಿದಾರಿಯ) ಕಾರ್ಬುರೇಟರ್‌ನೊಂದಿಗೆ 225 ಅಶ್ವಶಕ್ತಿ, ಅದೂ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಪೂರಕ ಭಾಗಗಳಿಲ್ಲದೆ ಅಳೆದದ್ದು. 2024ರ ಜಿಟಿ ಮಾದರಿಯ 5 ಲೀಟರ್ ಎಂಜಿನ್ 480 ಕೊಡುತ್ತದೆ. ದಿನವೂ ಕಚೇರಿಗೆ ಓಡಿಸುವವರು ಹೊಸದನ್ನೇ ಕೊಳ್ಳಿ. ಆದರೆ ಮುಂಜಾನೆ ಕಾರ್ಬುರೇಟರ್ ಬಿಸಿಯಾಗಿ, ಎಂಜಿನ್ನಿನ ಒರಟು ಸದ್ದು ನಿಧಾನವಾಗಿ ಲಯಕ್ಕೆ ಬರುವ ಆ ಎರಡು ನಿಮಿಷ ನನಗೆ ಹೊಸ ಕಾರಿನಲ್ಲಿ ಸಿಕ್ಕಿಲ್ಲ.

ಶನಿವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಯ ಗ್ಯಾರೇಜಿಗೆ ಬನ್ನಿ. ಕಾರನ್ನು ಎತ್ತಿ ನಿಲ್ಲಿಸಿರುತ್ತೇನೆ, ತಳವನ್ನು ಕಣ್ಣಾರೆ ನೋಡಬಹುದು.