ನಿಂತ ಲಾರಿ ಇದಕ್ಕೆ ಕಾಣುವುದಿಲ್ಲ ಅಂತ ಯಾಕೆ ಹೇಳಲಿಲ್ಲ?

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ವ್ಯವಸ್ಥಾಪಕರು, ಮೈಸೂರು ಶೋರೂಮ್

ವಿಷಯ: ಅಡಾಪ್ಟಿವ್ ಕ್ರೂಸ್ ಕಂಟ್ರೋಲ್‌ನ ಮಿತಿಗಳನ್ನು ತಿಳಿಸದೆ ಕಾರು ಮಾರಿದ ಬಗ್ಗೆ ದೂರು

ಮಾನ್ಯರೇ,

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್, ಅಂದರೆ ನಾವು ಸೆಟ್ ಮಾಡಿದ ವೇಗದಲ್ಲಿ ಓಡುತ್ತಾ ಮುಂದಿನ ವಾಹನಕ್ಕೆ ತಕ್ಕಂತೆ ಕಾರಿನ ವೇಗವನ್ನು ತಾನೇ ಇಳಿಸಿ ಏರಿಸುವ ಸೌಲಭ್ಯದ ಬಗ್ಗೆ ನಾನು ಮೊದಲು ಬರೆದ ದೂರಿಗೆ ನಿಮ್ಮ ಸರ್ವೀಸ್ ಸೆಂಟರಿನಿಂದ ಉತ್ತರ ಬಂದಿದೆ. ‘ಸಿಸ್ಟಂ ಚೆಕ್ ಮಾಡಿದ್ದೇವೆ, ಎರರ್ ಕೋಡ್ ಇಲ್ಲ, ಎಲ್ಲಾ ನಾರ್ಮಲ್’ ಎಂಬ ಒಂದು ಸಾಲು. ಸಿಸ್ಟಂ ಕೆಟ್ಟಿದೆ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಸರಿಯಾಗಿ ಕೆಲಸ ಮಾಡುವಾಗಲೂ ಅದು ಏನನ್ನು ನೋಡುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿತ್ತು. ಕೀ ಕೊಡುವಾಗ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ದೂರು ಇದರ ಬಗ್ಗೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಬರುತ್ತಿದ್ದೆವು. ಚನ್ನಪಟ್ಟಣದ ಬೈಪಾಸ್ ದಾಟಿತ್ತು, ಕತ್ತಲಾಗುತ್ತಾ ಬಂದಿತ್ತು. ಅಲ್ಲಿ ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ನಾನು 95ಕ್ಕೆ ಸೆಟ್ ಮಾಡಿದ್ದೆ. ಮುಂದೆ ಒಂದು ಬಸ್ ಸುಮಾರು 80ರಲ್ಲಿ ಹೋಗುತ್ತಿತ್ತು. ನಮ್ಮ ಕಾರೂ ತಾನಾಗಿಯೇ 80ಕ್ಕೆ ಇಳಿದು ಅದರ ಹಿಂದೆ ಸಾಗುತ್ತಿತ್ತು. ಇದ್ದಕ್ಕಿದ್ದಂತೆ ಬಸ್ ಎಡಕ್ಕೆ ಸರಿಯಿತು. ಎದುರಿಗೆ ಕೆಟ್ಟು ನಿಂತ ಲಾರಿ! ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಮೇಲೆ ಧೂಳು ಕೂತಿತ್ತು. ಎಚ್ಚರಿಕೆಗೆ ಅಂತ ಇದ್ದದ್ದು ರಸ್ತೆಗೆ ಅಡ್ಡ ಹಾಕಿದ್ದ ಎರಡು ಹೊಂಗೆ ಕೊಂಬೆ ಮಾತ್ರ.

ಡ್ಯಾಶ್‌ಬೋರ್ಡಿನಲ್ಲಿ ಮುಂದಿನ ವಾಹನ ತೋರಿಸುವ ಚಿಕ್ಕ ಚಿತ್ರ ಮಾಯವಾಯಿತು. ಕಾರು ಬ್ರೇಕ್ ಹಾಕಲಿಲ್ಲ. ಬದಲಿಗೆ ಎಂಜಿನ್ ಸದ್ದು ಏರಿತು. ರಸ್ತೆ ಖಾಲಿಯಾಯಿತು ಎಂದು ಲೆಕ್ಕ ಹಾಕಿ ಅದು ಮತ್ತೆ 95ಕ್ಕೆ ಓಡಲು ಹೊರಟಿತ್ತು. ನನ್ನ ಕಾಲು ಬ್ರೇಕ್ ಹತ್ತಿರವೇ ಇತ್ತು, ಪೂರ್ತಿ ಒತ್ತಿದೆ. ಲಾರಿಯ ಹಿಂದೆ ಬರೆದಿದ್ದ ನಂಬರ್ ಓದುವಷ್ಟು ಹತ್ತಿರ ಹೋಗಿ ನಿಂತೆವು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಅಮ್ಮನ ಹೆಗಲಿಗೆ ಸೀಟ್ ಬೆಲ್ಟ್ ಒತ್ತಿದ ನೋವು ಇನ್ನೂ ಹೋಗಿಲ್ಲ.

ಮನೆಗೆ ಬಂದ ಮೇಲೆ ನಿಮ್ಮ ಮ್ಯಾನ್ಯುಯಲ್ ತೆಗೆದು ನೋಡಿದೆ. ನಿಂತಿರುವ ವಾಹನಗಳನ್ನು ಈ ಸಿಸ್ಟಂ ಗುರುತಿಸದೆ ಇರಬಹುದು ಎಂದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಕಾರಣವನ್ನೂ ಆಮೇಲೆ ತಿಳಿದುಕೊಂಡೆ. ಮುಂದಿರುವುದನ್ನು ರೇಡಿಯೋ ಅಲೆಗಳಿಂದ ಗುರುತಿಸುವ ರೇಡಾರಿಗೆ ರಸ್ತೆ ಬದಿಯ ಬೋರ್ಡು, ಮೇಲ್ಸೇತುವೆ, ಕಬ್ಬಿಣದ ತಡೆಬೇಲಿ ಎಲ್ಲವೂ ನಿಂತ ವಸ್ತುಗಳೇ. ಅವಕ್ಕೆಲ್ಲ ಬ್ರೇಕ್ ಹಾಕಿದರೆ ಕಾರು ಓಡಿಸಲು ಆಗುವುದಿಲ್ಲ. ಹಾಗಾಗಿ ಜಾಸ್ತಿ ವೇಗದಲ್ಲಿರುವಾಗ ಇಂಥ ಸಿಸ್ಟಂಗಳು ಚಲಿಸುವ ವಾಹನವನ್ನೇ ಹಿಂಬಾಲಿಸುತ್ತವೆ, ಮೊದಲಿನಿಂದಲೂ ನಿಂತೇ ಇರುವುದನ್ನು ಎಷ್ಟೋ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಕ್ಕಿಯಾಗುವ ಹಾಗಿದ್ದರೆ ತಾನೇ ಬ್ರೇಕ್ ಹಾಕುವ ಎಮರ್ಜೆನ್ಸಿ ಬ್ರೇಕ್ ಬೇರೆಯೇ ಸೌಲಭ್ಯ, ಅದೂ ಎಲ್ಲ ವೇಗದಲ್ಲಿ ಕಾಪಾಡುತ್ತದೆ ಎನ್ನುವ ಹಾಗಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ನನಗೆ ಅರ್ಥವಾಗುತ್ತದೆ. ಆದರೆ ಲಾರಿ ಕೆಟ್ಟರೆ ಲೇನಿನಲ್ಲೇ ನಿಲ್ಲಿಸಿ ಕೊಂಬೆ ಇಡುವ ರಸ್ತೆಗಳಲ್ಲಿ ಈ ಕಾರನ್ನು ಮಾರುವಾಗ, ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತೇ ಇದು ಅಲ್ವಾ?

ಡೆಲಿವರಿ ದಿನ ನಿಮ್ಮ ಹುಡುಗ ಸನ್‌ರೂಫ್, ಮೊಬೈಲ್ ಆ್ಯಪ್, ಬಣ್ಣ ಬದಲಾಗುವ ಲೈಟುಗಳನ್ನು ಪ್ರೀತಿಯಿಂದ ತೋರಿಸಿದ. ಕ್ರೂಸ್ ಕಂಟ್ರೋಲ್ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: ‘ಸುಮ್ನೆ ಸೆಟ್ ಮಾಡಿ ಕೂತ್ಕೊಳ್ಳಿ ಸಾರ್, ಬ್ರೇಕ್ ಆಕ್ಸಿಲರೇಟರ್ ಎರಡೂ ಅದೇ ನೋಡ್ಕೊಳ್ಳುತ್ತೆ.’ ಆ ಹುಡುಗನನ್ನು ಬೈಯಬೇಡಿ, ನೀವು ಕಲಿಸಿದ್ದನ್ನೇ ಅವನು ಹೇಳಿದ್ದಾನೆ. ಮುಂದಿನ ವಾಹನದಿಂದ ಎಷ್ಟು ಅಂತರ ಇರಬೇಕು ಎಂಬ ಸೆಟ್ಟಿಂಗನ್ನು ಅವನೇ ಒಂದು ಗೆರೆಗೆ, ಅಂದರೆ ತೀರಾ ಹತ್ತಿರಕ್ಕೆ ಇಟ್ಟುಕೊಟ್ಟ. ಅಂತರ ಜಾಸ್ತಿ ಇದ್ದರೆ ಬೇರೆಯವರು ನಡುವೆ ನುಗ್ಗುತ್ತಾರೆ ಎಂಬುದು ಅವನ ವಾದ. ಇದು ನನಗೆ ಒಪ್ಪಿಗೆಯಾಗದೆ ಅಲ್ಲೇ ನಿಂತು ಅಂತರ ಹೆಚ್ಚಿಸಿಕೊಂಡೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಿಗಿಂತ ಹೆಚ್ಚೇ ಬೇಕಾಗಬಹುದು. ಸೆಕೆಂಡಿನಷ್ಟೇ ಅಂತರ ಇಟ್ಟುಕೊಂಡವನಿಗೆ ಉಳಿಯುವುದಾದರೂ ಏನು?

ಇನ್ನೊಂದು ವಿಷಯ ನಿಮ್ಮ ಶೋರೂಮಿನಲ್ಲೇ ನಡೆದದ್ದು. ನನ್ನ ಮಾದರಿಯಲ್ಲಿ ರೇಡಾರ್ ಇರುವುದು ಮುಂದಿನ ಲೋಗೋದ ಹಿಂದೆ. ಪೂಜೆ ಮಾಡಿಸಿದಾಗ ಆ ಲೋಗೋಗೆ ಗಂಧ ಬಳಿದು ಕುಂಕುಮ ಇಟ್ಟರು, ಗ್ರಿಲ್ ತುಂಬಾ ಚೆಂಡು ಹೂವಿನ ಹಾರ ಹಾಕಿದರು. ಪೂಜೆ ನಮಗೆ ಬೇಕು, ಆಯುಧ ಪೂಜೆಗೆ ನಾವೂ ಮಾಡುತ್ತೇವೆ. ಆದರೆ ಹೊರಡುವ ಮೊದಲು ಹಾರ ತೆಗೆದು ಆ ಜಾಗ ಒರೆಸಿ ಎಂದು ಹೇಳಬೇಕಾದವರು ನೀವು. ಸೆನ್ಸರ್ ಮುಚ್ಚಿದರೆ ಸಿಸ್ಟಂ ಸರಿಯಾಗಿ ನೋಡುವುದಿಲ್ಲ ಎಂದು ಮ್ಯಾನ್ಯುಯಲ್‌ನಲ್ಲಿ ನೀವೇ ಬರೆದಿದ್ದೀರಿ. ಕೆಸರು, ಮುಂದೆ ಅಂಟಿಸುವ ಕ್ರೋಮ್ ಪಟ್ಟಿ ಇವಕ್ಕೂ ಅದೇ ಮಾತು. ಆ ಪಟ್ಟಿಯನ್ನು ನಿಮ್ಮ ಆ್ಯಕ್ಸೆಸರಿ ಕೌಂಟರಿನಲ್ಲೇ ಮಾರುತ್ತಾರೆ.

ನಮ್ಮ ಮನೆಯಲ್ಲಿ ಈ ಕಾರನ್ನು ನಾನೊಬ್ಬನೇ ಓಡಿಸುವುದಿಲ್ಲ. ದೂರದ ಊರಿಗೆ ಡ್ರೈವರ್ ಕರೆಯುತ್ತೇವೆ. ಅವರು ಹತ್ತಾರು ವರ್ಷ ಓಡಿಸಿದ ಅನುಭವಿ, ಇಂಗ್ಲಿಷ್ ಮ್ಯಾನ್ಯುಯಲ್ ಓದಲಾರರು. ಸ್ಟೀರಿಂಗ್ ಮೇಲಿನ ಆ ಬಟನ್ ಒತ್ತುವವರಿಗೆ ಕನ್ನಡದಲ್ಲಿ ಒಂದು ಹಾಳೆಯಾದರೂ ಬೇಡವೇ? ಅದರಲ್ಲಿ ಏನಿರಬೇಕು ಎಂದು ಕೇಳಿದರೆ ಹೇಳುತ್ತೇನೆ. ನಿಂತ ವಾಹನಕ್ಕೆ ಇದು ಬ್ರೇಕ್ ಹಾಕದೆ ಇರಬಹುದು ಎಂಬುದು ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ಬೈಕು, ಸೈಕಲ್, ಎತ್ತಿನ ಗಾಡಿ, ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರುವ ರಸ್ತೆಯಲ್ಲಿ ಆನ್ ಮಾಡಬೇಡಿ ಎಂದಿರಲಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬರುವಂತಿಲ್ಲ, ನಿಜ. ಆದರೆ ಈ ಕಾರು ಮಂಡ್ಯದ ಒಳರಸ್ತೆಗಳಿಗೂ ಹೋಗುತ್ತದೆ. ಗಣಂಗೂರಿನಂಥ ಟೋಲ್ ಬರುವ ಮೊದಲೇ, ಸರ್ವೀಸ್ ರಸ್ತೆಗೆ ಇಳಿಯುವ ಮೊದಲೇ ಆಫ್ ಮಾಡಿ ಎಂದೂ ಬರೆಯಿರಿ. ತಿರುವಿನಲ್ಲಿ ಮುಂದಿನ ಕಾರು ರೇಡಾರಿನಿಂದ ತಪ್ಪಿಹೋದರೆ ನಮ್ಮ ಕಾರು ವೇಗ ಹೆಚ್ಚಿಸಬಹುದು, ಇಳಿಜಾರಿನಲ್ಲೂ. ಜೋರು ಮಳೆ, ಘಾಟಿಯ ಮಂಜಿನಲ್ಲಿ ಬಳಸಲೇಬಾರದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟಿರುವಷ್ಟು ಹೊತ್ತು ಕ್ರೂಸ್ ಕಂಟ್ರೋಲ್ ತಾನಾಗಿ ಬ್ರೇಕ್ ಹಾಕುವುದಿಲ್ಲ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ.

ಹಾಳೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಡೆಲಿವರಿಗೆ ಮೊದಲು ಕಾರನ್ನು ಹೆದ್ದಾರಿಗೆ ಒಯ್ದು, ಪಕ್ಕದಲ್ಲಿ ಕೂತು, ಆನ್ ಮಾಡುವುದು, ರದ್ದು ಮಾಡುವುದು, ಅಂತರ ಬದಲಿಸುವುದನ್ನು ಮಾಡಿಸಿ ತೋರಿಸಿ. ಇದಕ್ಕೆ ಡೆಲಿವರಿ ಚೆಕ್‌ಲಿಸ್ಟಿನಲ್ಲಿ ಜಾಗ ಇರಲಿ. ಈಗಿನ ಚೆಕ್‌ಲಿಸ್ಟಿನಲ್ಲಿ ಸ್ಟೆಪ್ನಿ, ಜಾಕ್, ಫ್ಲೋರ್ ಮ್ಯಾಟ್ ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡಿದ್ದೀರಿ, ಇದರ ಹೆಸರೇ ಇಲ್ಲ. ಎಲ್ಲ ಕಾರುಗಳನ್ನೂ ಅತಿ ಹೆಚ್ಚಿನ ಅಂತರದ ಸೆಟ್ಟಿಂಗಿನಲ್ಲೇ ಕೊಡಿ. ನನ್ನ ಮಾದರಿ ನಿಂತ ವಾಹನಕ್ಕೆ ಯಾವ ವೇಗದವರೆಗೆ ಬ್ರೇಕ್ ಹಾಕುತ್ತದೆ ಎಂಬುದನ್ನು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಿ. ಸರ್ವೀಸ್ ಸೆಂಟರಿನವರಿಗೆ ಈ ಪ್ರಶ್ನೆ ಕೇಳಿದೆ, ಉತ್ತರ ಸಿಗಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ನಿಮಗೆ ಗೊತ್ತಿರುತ್ತದೆ. ಹಾನಿ ತಪ್ಪಿಸಲು ಬೇಕಾದಷ್ಟು ಬಳಕೆಯ ಸೂಚನೆ ಅಥವಾ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆ ಕೊಡದಿದ್ದರೆ, ಅದರಿಂದಾದ ಹಾನಿಗೆ ತಯಾರಕರು ಹೊಣೆ ಎಂದು ಅದು ಹೇಳುತ್ತದೆ. ಯಾರೂ ಓದದ ಪುಟದಲ್ಲಿ, ಎಷ್ಟೋ ಗ್ರಾಹಕರಿಗೆ ಬಾರದ ಭಾಷೆಯಲ್ಲಿ ಬರೆದಿಟ್ಟರೆ ಸಾಕಷ್ಟು ಸೂಚನೆ ಕೊಟ್ಟಂತಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಹಣ ವಾಪಸ್ ಕೇಳುತ್ತಿಲ್ಲ. ಕಾರು ಚೆನ್ನಾಗಿದೆ, ಈ ಸೌಲಭ್ಯವೂ ತಿಳಿದು ಬಳಸಿದರೆ ಉಪಯೋಗದ್ದೇ. ಈ ತಿಂಗಳು ನಿಮ್ಮಿಂದ ಇದೇ ಕಾರು ಕೊಳ್ಳುವವರಿಗೆ ‘ಸುಮ್ನೆ ಕೂತ್ಕೊಳ್ಳಿ’ ಎಂಬ ಮಾತು ಹೇಳದಿರಿ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಡೆಲಿವರಿ ಚೆಕ್‌ಲಿಸ್ಟ್ ಮತ್ತು ಸರ್ವೀಸ್ ಸೆಂಟರಿನ ಉತ್ತರದ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು